ಬೇಲಿಯಾಚೆಯ ಹವೆ

ಹವೆಯನ್ನು ಬೈಯದೆ ನನ್ನ ಗಂಡ ವಿಲ್ಫ್ ಬೆಳಗಿನ ಟೀ ಕುಡಿದದ್ದನ್ನು ಮದುವೆಯಾದಾಗಿನಿಂದ ನಾನು ಕಂಡಿರಲಿಲ್ಲ. ಮಳೆ ಬಂದರೆ ಬೈಯಲಿ, ಬೇಡ ಅನ್ನುವವರು ಯಾರು? ಹಿಮ ಬಿದ್ದರೂ ಬೈಯಲಿ. ಆದರೆ ಈ ಮನುಷ್ಯ ಹೆಚ್ಚಾಗಿ ಬೈಯುತ್ತಿದ್ದದ್ದು ಏನೂ ಇಲ್ಲದ ದಿನಗಳನ್ನು. ಮಳೆ ಇಲ್ಲ, ಸುಡುವ ಬಿಸಿಲಿಲ್ಲ, ತೆಳ್ಳಗೆ ಮೋಡ, ಒಗೆದ ಬಟ್ಟೆ ಒಣಗುವಷ್ಟು ಗಾಳಿ. ನಮ್ಮ ಯಾರ್ಕ್‌ಶೈರ್ ಕಡಲ ದಂಡೆಯಲ್ಲಿ ವರ್ಷದ ಅರ್ಧ ಭಾಗ ಇಂಥದೇ ದಿನ. ಅಂಥ ದಿನ ಹಿತ್ತಿಲ ಬಾಗಿಲು ತೆರೆದು, ಹಾಲು ಕದ್ದ ಬೆಕ್ಕನ್ನು ನೋಡುವ ಹಾಗೆ ಆಕಾಶ ನೋಡಿ, "ಥೂ, ಒಂಥರಾ ಮುಚ್ಕೊಂಡ್‌ಬಿಟ್ಟಿದೆ" ಅನ್ನುತ್ತಿದ್ದ. ಮೋಡ ಸರಿದರೆ ಕಣ್ಣಿಗೆ ಹೊಡೆಯುತ್ತದೆ. ಗಾಳಿ ಬಂದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಗಾಳಿ ನಿಂತರೆ ಉಸಿರು ಕಟ್ಟುತ್ತದೆ. ದೇವರು ಇವನಿಗಾಗಿ ಯಾವ ದಿನ ಹೊಲಿಸಿಕೊಟ್ಟರೂ ಎಲ್ಲೋ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ.

ಅವನೊಬ್ಬನೇ ಅಂತಲ್ಲ, ಊರೇ ಹಾಗೆ. ಹವೆಯನ್ನು ಹೊಗಳಬಾರದು ಅಂತೇನಿಲ್ಲ. ಹೊಗಳಬಹುದು, ಆದರೆ ಹಿಂದೆ ಒಂದು ಬಾಲ ಸೇರಿಸಬೇಕು. "ಚೆನ್ನಾಗಿದೆ, ಆದ್ರೆ ಉಳಿಯಲ್ಲ." "ಬಿಸಿಲೇನೋ ಬಂತು, ನಾಳೆ ಇದಕ್ಕೆ ಅನುಭವಿಸ್ತೀವಿ ನೋಡು." ಬಾಲವಿಲ್ಲದ ಹೊಗಳಿಕೆ ಕಿವಿಗೆ ಬಿದ್ದರೆ ಬ್ರೆಡ್ಡಿನಂಗಡಿಯಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಾರೆ. ಹಸುಗೂಸಿನ ಕೆನ್ನೆ ಹಿಂಡಿ, ಎಷ್ಟು ಗುಂಡುಗುಂಡಾಗಿದೆ ಅಂದವರನ್ನು ಅಜ್ಜಿಯರು ನೋಡುತ್ತಾರಲ್ಲ, ಅದೇ ನೋಟ.

ವಿಲ್ಫ್‌ಗೆ ಈ ವಿಷಯದಲ್ಲಿ ಸರಿಜೋಡಿ ಅಂದರೆ ಪಕ್ಕದ ಮನೆಯ ಸಿರಿಲ್. ಇಬ್ಬರೂ ಬಂದರಿನ ಮೀನುಪೆಟ್ಟಿಗೆ ಕಾರ್ಖಾನೆಯಲ್ಲಿ ಒಟ್ಟಿಗೆ ದುಡಿದು ಒಟ್ಟಿಗೆ ನಿವೃತ್ತರಾದವರು. ಸಿರಿಲ್‌ಗೆ ಹೆಂಡತಿ ಮಕ್ಕಳಿರಲಿಲ್ಲ. ಎರಡು ಹಿತ್ತಿಲುಗಳ ನಡುವೆ ಒಂದು ಹಸಿರು ಬೇಲಿ. ಅದನ್ನು ಕತ್ತರಿಸುವುದು ಯಾರ ಕೆಲಸ ಅನ್ನುವ ಜಗಳ ಬಗೆಹರಿಯದೆ, ಬೇಲಿ ಇಬ್ಬರ ತಲೆಯನ್ನೂ ಮೀರಿ ಬೆಳೆದಿತ್ತು. ಬೆಳಿಗ್ಗೆ ಟೀ ಲೋಟ ಹಿಡಿದು ಇವನು ಈ ಕಡೆ, ಅವನು ಆ ಕಡೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಸಿರಿಲ್ ಬಂದಿದ್ದಾನೆ ಅನ್ನುವುದಕ್ಕೆ ಬೇಲಿಯ ಮೇಲೆ ಅವನ ಪೈಪಿನ ಹೊಗೆ ಏಳುತ್ತಿತ್ತು. ಆಮೇಲೆ ಇಬ್ಬರೂ ಸೇರಿ ಆಕಾಶದ ಜನ್ಮ ಜಾಲಾಡುತ್ತಿದ್ದರು.

"ಗಾಳಿ ನೋಡ್ದೇನೋ? ಬೀಸೋದಾದ್ರೆ ನೆಟ್ಟಗೆ ಬೀಸ್ಬೇಕು. ಇದು ಸುಮ್ನೆ ಕಾಲಿಗೆ ತೊಡರ್ಕೊಳ್ತಿದೆ."

"ಬೀಸೋ ಯೋಗ್ಯತೆ ಎಲ್ಲಿದೆಯೋ ಇದಕ್ಕೆ! ಈ ಕಡೆ ಚಳಿನೂ ಅಲ್ಲ, ಆ ಕಡೆ ಸೆಕೆನೂ ಅಲ್ಲ. ಕೋಟು ಹಾಕ್ಕೊಂಡ್ರೆ ಬೆವರು, ತೆಗೆದ್ರೆ ಸೀನು."

ನಾನು ಅಡುಗೆಮನೆ ಕಿಟಕಿಯಿಂದ ಕೇಳಿ ತಲೆ ಚಚ್ಚಿಕೊಳ್ಳುತ್ತಿದ್ದೆ.

ಆ ವರ್ಷ ಮೇ ತಿಂಗಳಲ್ಲಿ ಸಿರಿಲ್ ಕೂತ ಕುರ್ಚಿಯಲ್ಲೇ ತೀರಿಕೊಂಡ. ಮಣ್ಣು ಮಾಡಿ ಬಂದು ಚಾಪೆಲ್ಲಿನ, ಅಂದರೆ ನಮ್ಮ ಪುಟ್ಟ ಚರ್ಚಿನ, ಹಜಾರದಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ಸದ್ಯ ಮಳೆ ಬರಲಿಲ್ಲ ಅಂತ. ವಿಲ್ಫ್ ತಟ್ಟೆ ಮುಟ್ಟಲೇ ಇಲ್ಲ. "ಅವ್ನಿದ್ದಿದ್ರೆ, ಈ ಬಿಸಿಲಲ್ಲಿ ಕರಿ ಕೋಟು ಹಾಕ್ಸಿ ಸಾಯಿಸ್ತಾರೆ ಅಂತಿದ್ದ" ಅಂದ. ಅಷ್ಟು ಹೇಳಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ. ಅವನು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಲೋಟ ಹಿಡಿದು ಬೇಲಿಯ ಹತ್ತಿರ ಹೋದ. ಅಭ್ಯಾಸಬಲ, ಪಾಪ, ಅಂದುಕೊಂಡೆ. ಕಿಟಕಿಯಿಂದ ನೋಡಿದರೆ ತುಟಿ ಆಡುತ್ತಿದೆ. ಆಮೇಲೆ ನಿಲ್ಲಿಸಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಾನೆ. ನಗುತ್ತಾನೆ. ಮತ್ತೆ ಮಾತಾಡುತ್ತಾನೆ. ಒಂದಷ್ಟು ದಿನ ದುಃಖ ಕರಗಲಿ ಅಂತ ನಾನು ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಅವನು ಅಲ್ಲಿ ನಿಂತಿರುವಾಗಲೇ ಬಟ್ಟೆ ಒಣಹಾಕಲು ಹೋದೆ. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ದುಪ್ಪಟಿ ಹರವುತ್ತಿದ್ದೆ.

"ಮುಚ್ಕೊಂಡಿದೆ ಕಣೋ ಇವತ್ತು" ಅಂದ ವಿಲ್ಫ್.

"ಮುಚ್ಕೊಳ್ದೆ ಏನು? ಉಣ್ಣೆ ಟೋಪಿ ಕಿವಿ ತನಕ ಎಳ್ದಂಗಿದೆ" ಅಂದಿತು ಬೇಲಿಯ ಆಚೆಯಿಂದ ಸಿರಿಲ್‌ನ ದನಿ.

ನನ್ನ ಬಾಯಿಂದ ಕ್ಲಿಪ್ಪು ಉದುರಿತು. ಬೇಲಿಯ ಮೇಲೆ ಪೈಪಿನ ಹೊಗೆ ಎದ್ದಿತ್ತು. ಅದೇ ಚೆರ್ರಿ ತಂಬಾಕಿನ ವಾಸನೆ.

"ವಿಲ್ಫ್! ಯಾರದು?"

"ಯಾರು ಅಂದ್ರೆ? ಸಿರಿಲ್."

"ಸಿರಿಲ್‌ನ ಮಣ್ಣು ಮಾಡಿ ಬಂದಿದೀವಿ ಮಾರಾಯ!"

"ನಂಗೊತ್ತಿಲ್ವೇನೇ? ನಾನೂ ಹೆಗಲು ಕೊಟ್ಟಿದೀನಿ" ಅಂದ, ಹಾಲಿನವನು ಬಂದಿದ್ದಾನೆ ಅನ್ನುವಷ್ಟೇ ಸಲೀಸಾಗಿ. "ಏನೀಗ? ಅವ್ನಿಗೂ ಮಾತಾಡೋಕೆ ಯಾರಾದ್ರೂ ಬೇಡ್ವಾ?"

ನಾನು ಹೆದರುಪುಕ್ಕಲಿಯಲ್ಲ. ಕೈಗೆ ಸಿಕ್ಕ ಪೊರಕೆ ಹಿಡಿದು ಮುಂದಿನ ಬೀದಿಯಿಂದ ಸುತ್ತಿ ಸಿರಿಲ್‌ನ ಹಿತ್ತಿಲಿಗೆ ನುಗ್ಗಿದೆ. ಮನೆಗೆ ಬೀಗ. ಹುಲ್ಲು ಮೊಣಕಾಲಿನವರೆಗೆ ಬೆಳೆದಿದೆ, ಯಾರೂ ತುಳಿದ ಗುರುತಿಲ್ಲ. ಬೇಲಿಯ ಹತ್ತಿರ ನರಪಿಳ್ಳೆಯಿಲ್ಲ, ಹೊಗೆಯೂ ಇಲ್ಲ. ಅಲ್ಲಿ ನಿಂತರೆ ನನಗೆ ಕೇಳಿಸಿದ್ದು ನಮ್ಮ ಕಡೆಯ ವಿಲ್ಫ್‌ನ ದನಿ ಮಾತ್ರ. "ಹೌದೌದು" ಅನ್ನುತ್ತಾನೆ, ತಡೆಯುತ್ತಾನೆ, "ಅಲ್ವಾ ಮತ್ತೆ!" ಅನ್ನುತ್ತಾನೆ. ಉತ್ತರ ಕೊಡುವವನು ನಮ್ಮ ಹಿತ್ತಿಲಲ್ಲೂ ಇಲ್ಲ, ಈ ಹಿತ್ತಿಲಲ್ಲೂ ಇಲ್ಲ. ಪೊರಕೆಯನ್ನು ಅಲ್ಲೇ ಬಿಸಾಕಿ ಮನೆಗೆ ಓಡಿಬಂದೆ.

ಆದರೂ ಮನುಷ್ಯ ಎಂಥದಕ್ಕೂ ಒಗ್ಗಿಹೋಗುತ್ತಾನೆ ನೋಡಿ. ದೆವ್ವವೇ ಆದರೂ ಗೊಣಗುವ ದೆವ್ವ ತಾನೇ, ಕಚ್ಚುವುದಿಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ವಿಲ್ಫ್ ಮತ್ತೆ ಊಟ ಮಾಡತೊಡಗಿದ್ದ. ರೇಡಿಯೋದಲ್ಲಿ ಹವಾಮಾನ ಹೇಳುವವನ ಜೊತೆ ಜಗಳ ಶುರುಮಾಡಿದ್ದ. ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಕಿರಲಿಲ್ಲ.

ಬೇಸಿಗೆ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಎದ್ದರೆ, ಬೈಯಲಿಕ್ಕೆ ಎಳ್ಳಷ್ಟೂ ಜಾಗವಿಲ್ಲದ ದಿನ. ವಿಲ್ಫ್ ಲೋಟ ಹಿಡಿದು ಹೋದ. ನಾನು ಹಿತ್ತಿಲ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದೆ.

"ಏನೋ ಸಿರಿಲ್, ಇವತ್ತಿಂದು ಏನು ಕತೆ?"

"ಹವೆ ತುಂಬಾ ಚೆನ್ನಾಗಿದೆ" ಅಂದಿತು ದನಿ.

ವಿಲ್ಫ್ ಬಾಲಕ್ಕಾಗಿ ಕಾದ. ನಾನೂ ಬಟಾಣಿ ಸಿಪ್ಪೆ ಹಿಡಿದ ಕೈ ಹಾಗೇ ನಿಲ್ಲಿಸಿ ಕಾದೆ. ಬಾಲ ಬರಲೇ ಇಲ್ಲ.

"ಆದ್ರೆ ಉಳಿಯಲ್ಲ, ಅಲ್ವಾ?" ವಿಲ್ಫ್ ತಾನೇ ಎಟುಕಿಸಿ ಕೊಟ್ಟ.

"ಉಳಿಯತ್ತೆ ಕಣೋ" ಅಂದಿತು ದನಿ. "ಇಲ್ಲಿ ಹೀಗೇ ಇರತ್ತೆ."

ಆಗ ನಮ್ಮ ಕಡೆ ಗಾಳಿ ಎದ್ದಿತು. ಹಗ್ಗದ ಮೇಲಿನ ಬಟ್ಟೆಗಳೆಲ್ಲ ಪಟಪಟ ಹೊಡೆದುಕೊಂಡವು. ಬೇಲಿಯ ಮೇಲಿನ ಹೊಗೆ ಮಾತ್ರ ಒಂಚೂರೂ ಬಾಗದೆ ನೂಲಿನ ಹಾಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು.

ಅಂದಿನಿಂದ ದಿನಾ ಅದೇ. ಇಲ್ಲಿ ಜಡಿಮಳೆ ಹೊಡೆಯಲಿ, ಕಡಲಿನ ಮಂಜು ಬಂದು ಮನೆಗಳನ್ನು ನುಂಗಲಿ, ಆ ದನಿ ಮಾತ್ರ "ಚೆನ್ನಾಗಿದೆ ಕಣೋ" ಅನ್ನುತ್ತಿತ್ತು. ವಿಲ್ಫ್ ಮೊದಮೊದಲು ಜಗಳಾಡಿದ. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳತೊಡಗಿದ. ರೇಡಿಯೋ ಹಚ್ಚುವುದನ್ನು ಬಿಟ್ಟ. ಒಂದು ದಿನ ತುಂತುರಿನಲ್ಲಿ ನೆನೆದು ತೊಪ್ಪೆಯಾಗಿ ಒಳಗೆ ಬಂದವನನ್ನು, "ಹೇಗಿದ್ಯೋ ಹೊರಗೆ?" ಅಂತ ಕೇಳಿದೆ. "ಪರವಾಗಿಲ್ಲ" ಅಂದ. ಈ ಮನುಷ್ಯನ ಬಾಯಲ್ಲಿ, ಪರವಾಗಿಲ್ಲ! ನಾನು ಟವೆಲ್ ತಂದು ತಲೆ ಒರೆಸಿದೆ. ತಲೆ ಕಲ್ಲಿನಷ್ಟು ತಣ್ಣಗಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಆ ವಾರ ನನ್ನ ತಂಗಿ ಮೇವಿಸ್ ಟೀಗೆ ಬಂದಳು. ಅವಳು ವೃದ್ಧಾಶ್ರಮದಲ್ಲಿ ಮುದುಕರಿಗೆ ಉಣಿಸಿ, ಮೈ ತೊಳೆದು ಕೂದಲು ಬೆಳ್ಳಗೆ ಮಾಡಿಕೊಂಡವಳು. ಬೇಲಿಯ ವಿಷಯ ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. "ವಿಲ್ಫ್ ಯಾಕೋ ಹವೆ ಬೈಯೋದನ್ನೇ ಬಿಟ್ಟಿದಾನೆ ಕಣೇ" ಅಂತಷ್ಟೇ ಅಂದೆ, ನಗುವಿನ ಮಾತು ಅನ್ನುವ ಹಾಗೆ.

ಮೇವಿಸ್ ನಗಲಿಲ್ಲ. ಕಪ್ಪನ್ನು ಬಸಿಯ ಮೇಲಿಟ್ಟಳು.

"ಚೆನ್ನಾಗಿದೆ ಅಂತಾನಾ?"

"ಇನ್ನೂ ಇಲ್ಲ. ಪರವಾಗಿಲ್ಲ ಅಂದ."

"ಹಿಲ್ಡಾ, ನಮ್ಮಲ್ಲಿ ಡಾಕ್ಟರ್ ಏನಾದ್ರೂ ಹೇಳ್ಕೊಳ್ಲಿ, ನಾವು ಕಾಯೋದು ಒಂದೇ ಒಂದು ಮಾತಿಗೆ. ಜನ್ಮ ಇಡೀ ಗೊಣಗಿದ್ದ ಮುದುಕ ಒಂದು ದಿನ ಕಿಟಕಿ ಕಡೆ ನೋಡಿ, ಎಂಥಾ ಚೆನ್ನಾಗಿದೆ ಅಂತಾನೆ. ಅಷ್ಟೇ ಅಂದು ಸುಮ್ಮನಾಗ್ತಾನೆ. ಆವಾಗ ನಾವು ಅವನ ಮಕ್ಕಳಿಗೆ ಫೋನ್ ಮಾಡ್ತೀವಿ." ಅವಳು ನನ್ನ ಕೈ ಹಿಡಿದಳು. "ಅಮ್ಮ ಏನಂದಿದ್ಲು ನೆನಪಿಲ್ವಾ ನಿಂಗೆ?"

ನೆನಪಿಲ್ಲದೆ ಏನು? ಅವತ್ತು ಹೊರಗೆ ಆಲಿಕಲ್ಲು ಕಿಟಕಿಯ ಗಾಜಿಗೆ ಬಡಿಯುತ್ತಿತ್ತು. ಅಮ್ಮ ಹಾಸಿಗೆಯಿಂದ ತಲೆಯೆತ್ತಿ, "ಎಂಥಾ ಬಿಸಿಲು ಮಕ್ಕಳೇ" ಅಂದಿದ್ದಳು. ಸಂಜೆಗೆ ಅಮ್ಮ ಇರಲಿಲ್ಲ.

ಆ ರಾತ್ರಿ ನನಗೆ ಕಣ್ಣು ಹತ್ತಲಿಲ್ಲ. ಅವನನ್ನು ಬಿಟ್ಟುಕೊಡಲಾರೆ ಅನ್ನುವುದೊಂದೇ ತಲೆಯಲ್ಲಿತ್ತು. ಬೆಳಗಾಗುವುದರೊಳಗೆ ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟೆ. ಮೇಲೆ ಹೋಗಿ ಒರಗಿದವಳಿಗೆ ಜೊಂಪು ಹತ್ತಿತು. ಎದ್ದು ಟೀ ಕಾಯಿಸಲು ಕೆಳಗೆ ಬಂದರೆ ಬಾಗಿಲು ಹಾರುಹೊಡೆದಿತ್ತು. ಬೀಗದ ಕೈ ಬೀಗದಲ್ಲೇ ಇತ್ತು, ಅದಕ್ಕೆ ಒಂದು ಕಣ ಹಿಟ್ಟೂ ಅಂಟಿರಲಿಲ್ಲ.

ಅದು ಅಕ್ಟೋಬರಿನ ಬೆಳಿಗ್ಗೆ. ತೆಳು ಮೋಡ, ಮೆಲುಗಾಳಿ, ಅತ್ತ ಚಳಿಯೂ ಅಲ್ಲದ ಇತ್ತ ಬೆಚ್ಚಗೂ ಅಲ್ಲದ ದಿನ. ವಿಲ್ಫ್‌ನ ಟೀ ಲೋಟ ಹುಲ್ಲಿನ ಮೇಲಿತ್ತು. ಅವನು ಬರೀ ಅಂಗಿಯಲ್ಲಿ ಬೇಲಿಗೆ ಒತ್ತಿಕೊಂಡು ನಿಂತಿದ್ದ. ಎಂದೂ ಸಂದೇ ಇಲ್ಲದ ಬೇಲಿಯಲ್ಲಿ ಒಬ್ಬ ಆಳು ಅಡ್ಡಡ್ಡ ನುಸುಳುವಷ್ಟು ಸಂದು ಬಿಟ್ಟಿತ್ತು. ಅದರಿಂದ ಹಳದಿ ಬೆಳಕು ಇವನ ಮುಖದ ಮೇಲೆ ಬಿದ್ದಿತ್ತು. ಒಂದು ತೋಳು ಭುಜದವರೆಗೆ ಒಳಗೆ ಹೋಗಿತ್ತು.

"ಬಾರೋ" ಅನ್ನುತ್ತಿತ್ತು ಸಿರಿಲ್‌ನ ದನಿ. "ಕೋಟು ಬೇಡ. ಇಲ್ಲಿ ಏನೂ ಬೇಡ."

ಓಡಿಹೋಗಿ ಅವನ ಸೊಂಟ ಹಿಡಿದು ಎಳೆದೆ. ಬೇರು ಬಿಟ್ಟ ಮರ ಎಳೆದ ಹಾಗೆ, ಒಂದಿಂಚೂ ಅಲುಗಲಿಲ್ಲ.

"ವಿಲ್ಫ್! ಬೈಯೋ! ನಿನ್ನ ದಮ್ಮಯ್ಯ, ಏನಾದ್ರೂ ಬೈಯೋ!"

ಅವನು ನನ್ನ ಕಡೆ ತಿರುಗಿದ. ಮುಖದ ಗಂಟುಗಳೆಲ್ಲ ಬಿಚ್ಚಿಹೋಗಿದ್ದವು. ಅಷ್ಟು ನುಣುಪಾದ ಮುಖವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

"ಬೈಯೋಕೆ ಏನಿದೆ ಹಿಲ್ಡಾ?" ಅಂದ ಮೆತ್ತಗೆ. ಅವನ ಹೆಗಲೂ ಒಳಕ್ಕೆ ಸರಿಯಿತು.

ಎಳೆದರೆ ಬರುವುದಿಲ್ಲ, ಬೇಡಿಕೊಂಡರೆ ಕೇಳುವುದಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಇವನ ನಾಡಿ ನನಗೆ ಗೊತ್ತಿಲ್ಲವೇ? ನಾನು ಬೆಳ್ಳಗಿದೆ ಅಂದರೆ ಕರ್ರಗಿದೆ ಅನ್ನುವ ಪ್ರಾಣಿ. ನನ್ನ ಒಂದು ಮಾತಿಗೂ ಹೂಂ ಅಂದವನಲ್ಲ. ಸೊಂಟ ಬಿಟ್ಟು ಹಿಂದೆ ಸರಿದು, ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದೆ:

"ಹೌದು ಮಾರಾಯ, ಎಂಥಾ ದಿನ! ಇಂಥಾ ಹವೆ ನಾನು ಹುಟ್ಟಿದಾಗಿಂದ ನೋಡಿಲ್ಲ! ನಾಳೆನೂ ಹೀಗೇ ಇರತ್ತೆ!"

ಅವನು ನಿಂತ. ಹುಬ್ಬು ಒಂಚೂರು ಅಲುಗಿತು.

"ನಾಳಿದ್ದೂ ಇರತ್ತೆ! ಈ ಸಲ ಚಳಿಗಾಲನೇ ಬರಲ್ಲ! ಛತ್ರಿಗಳನ್ನೆಲ್ಲ ಇವತ್ತೇ ಚಾಪೆಲ್ಲಿಗೆ ಕೊಟ್ಬಿಡ್ತೀನಿ! ನಿನ್ನ ಉಣ್ಣೆ ಚಡ್ಡಿನೂ ಕೊಡ್ತೀನಿ!"

"ಏನು ಬಡಬಡಿಸ್ತೀಯೇ?" ಅಂದ. ದನಿ ಒರಟಾಗಿತ್ತು. ಆ ಒರಟು ಕೇಳಿ ನನಗೆ ಅಳು ಒತ್ತರಿಸಿ ಬಂತು. ಬಿಡಲಿಲ್ಲ.

"ಒಂದು ಹನಿ ಮಳೆ ಬೀಳಲ್ಲ! ಒಂದು ಮೋಡನೂ ಇಲ್ಲ ನೋಡು!"

"ಮೋಡ ಇಲ್ವಾ? ಕಣ್ಣಲ್ಲಿ ಏನು ಇಟ್ಕೊಂಡಿದೀಯೇ?" ಬೇಲಿಯೊಳಗಿನ ತೋಳನ್ನು ಸರಕ್ಕನೆ ಹೊರಗೆಳೆದು ಕಡಲ ಕಡೆ ಬೆರಳು ಮಾಡಿದ. "ಅಲ್ನೋಡು, ಮಂಜು ಏಳ್ತಿದೆ! ಮಧ್ಯಾಹ್ನಕ್ಕೆ ಇದೆಲ್ಲಾ ಮುಚ್ಕೊಳತ್ತೆ! ಉಳಿಯತ್ತಂತೆ! ಛತ್ರಿ ಕೊಡ್ತಾಳಂತೆ! ಬುದ್ಧಿ ನೆಟ್ಟಗಿದ್ಯಾ?" ಅಂದವನೇ ಅಕ್ಷೀ ಅಂತ ಸೀನಿದ. "ಥೂ, ಏನು ಹಾಳು ಚಳಿ ಇದು! ನನ್ನ ಕೋಟೆಲ್ಲಿ?"

ಬೇಲಿ ಹಿಂದಿನ ಹಾಗೇ ದಟ್ಟವಾಗಿತ್ತು. ಸಂದೂ ಇಲ್ಲ, ಬೆಳಕೂ ಇಲ್ಲ. ಅವನನ್ನು ಒಳಗೆ ಕರೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸಿ ಎರಡು ಕಂಬಳಿ ಹೊದಿಸಿದೆ. ಟೀ ತಣ್ಣಗಿದೆ, ಹೊಗೆ ಕಣ್ಣಿಗೆ ಬರುತ್ತಿದೆ, ಕಂಬಳಿ ಚುಚ್ಚುತ್ತಿದೆ ಅಂತ ಬೈದದ್ದೇ ಬೈದದ್ದು. ಅದನ್ನು ಕೇಳುತ್ತಾ ನಾನು ನಗುತ್ತಾ ಅತ್ತೆ, ಅಳುತ್ತಾ ನಕ್ಕೆ.

ಆಮೇಲೆ ಹುಲ್ಲಿನ ಮೇಲೆ ಬಿಟ್ಟ ಲೋಟ ತರಲು ಹಿತ್ತಿಲಿಗೆ ಹೋದೆ. ಬಗ್ಗಿ ಲೋಟ ಎತ್ತಿಕೊಂಡೆ.

"ನೀನಂದಿದ್ದೇ ಸರಿ ಹಿಲ್ಡಾ" ಅಂದಿತು ಬೇಲಿ. "ನಿಜಕ್ಕೂ ಚೆನ್ನಾಗಿದೆ, ಅಲ್ವಾ?"

ಥಟ್ಟನೆ ನೆನಪಾಯಿತು. ಅಷ್ಟು ಹೊತ್ತು ಗಂಟಲು ಹರಿಯುವ ಹಾಗೆ ಹೊಗಳಿದ್ದೆನಲ್ಲ, ಒಂದಕ್ಕಾದರೂ ಬಾಲ ಸೇರಿಸಿದ್ದೆನಾ? ಈಗಲಾದರೂ ಸೇರಿಸೋಣ ಅಂತ ಬಾಯಿ ತೆರೆದೆ. ಏನು ಅನ್ನುವುದು? ವಿಲ್ಫ್ ಹೇಳಿದ ಮಂಜು ಆಗಲೇ ಹಿತ್ತಿಲ ತನಕ ಬಂದಿತ್ತು. ಹಗ್ಗದ ಬಟ್ಟೆಗಳು ಗಾಳಿಗೆ ಅಡ್ಡಡ್ಡ ಹಾರುತ್ತಿದ್ದವು. ನನ್ನ ಮೈಮೇಲೆ ಶಾಲಿರಲಿಲ್ಲ. ನನಗೆ ಬೆಚ್ಚಗಿತ್ತು.

ವಿಲ್ಫ್‌ಗೆ ನಾನು ಏನೂ ಹೇಳಲಿಲ್ಲ. ಅವನಿಗೆ ತಿಳಿಯದೆ ಇದ್ದೀತೇ? ಮಾರನೆಯ ದಿನ ನನ್ನ ತಣ್ಣನೆಯ ಕೈ ಮುಟ್ಟಿ ನೋಡಿದವನು, ದೊಡ್ಡ ಕತ್ತರಿ ಹಿಡಿದು ಹೋಗಿ, ಯಾರ ಕೆಲಸ ಅಂತ ಇಷ್ಟು ವರ್ಷ ಜಗಳಾಡಿದ್ದ ಆ ಬೇಲಿಯನ್ನು ಮೊಣಕಾಲಿನ ಮಟ್ಟಕ್ಕೆ ಕತ್ತರಿಸಿ ಹಾಕಿದ. ಈಗ ಆಚೆ ಸಿರಿಲ್‌ನ ಹುಲ್ಲು, ಬೀಗ ಹಾಕಿದ ಮನೆ ಎಲ್ಲ ಕಾಣುತ್ತದೆ. ದನಿ ವಿಲ್ಫ್‌ಗೆ ಕೇಳಿಸುವುದಿಲ್ಲವಂತೆ. ನನಗೆ ಅಡುಗೆಮನೆಯೊಳಗೂ ಕೇಳಿಸುತ್ತದೆ. ಚೆರ್ರಿ ತಂಬಾಕಿನ ವಾಸನೆ ಹಿಟ್ಟಿನ ಡಬ್ಬದಲ್ಲೂ ಇದೆ.

ದಿನಾ ಬೆಳಿಗ್ಗೆ ವಿಲ್ಫ್ ನನಗೆ ಎರಡು ಶಾಲು ಹೊದಿಸಿ ಕಿಟಕಿಯ ಮುಂದೆ ಕೂರಿಸುತ್ತಾನೆ. ತಾನು ಹೊರಗೆ ನೋಡುವುದಿಲ್ಲ. ನನ್ನ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಪರೀಕ್ಷೆ ಕೇಳುವ ಮೇಷ್ಟರ ಹಾಗೆ ಕೇಳುತ್ತಾನೆ: "ಹವೆ ಹೇಗಿದ್ಯೇ ಇವತ್ತು?" ನಾನು ಹುಡುಕಿ ಹುಡುಕಿ ಒಂದು ತಪ್ಪು ಹೆಕ್ಕಿ ಕೊಡುತ್ತೇನೆ. ಗಾಳಿ ಜಾಸ್ತಿ ಅನ್ನುತ್ತೇನೆ. ತೇವ ಅನ್ನುತ್ತೇನೆ. ಅವನು ಉಸಿರು ಬಿಟ್ಟು ಎದ್ದು ಟೀಗೆ ನೀರಿಡುತ್ತಾನೆ.

ಇವತ್ತು ಬೆಳಿಗ್ಗೆ ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ. ಬಂದರಿನ ತನಕ ಬಂಗಾರದಂಥ ಬಿಸಿಲು, ಒಂದು ಎಲೆ ಅಲುಗದು. ಅವನ ಕೋಟಿನ ಹೆಗಲಿನ ಮೇಲೆ ಹಿಮದ ಪುಡಿ ಇತ್ತು, ಕಲ್ಲಿದ್ದಲು ತರಲು ಹೊರಗೆ ಹೋಗಿದ್ದನೇನೋ.

"ಹಿಲ್ಡಾ" ಅಂದ. ಗಲ್ಲ ನಡುಗುತ್ತಿತ್ತು. "ಒಂದೇ ಒಂದು ಹೇಳೇ. ಚಿಕ್ಕದು ಸಾಕು."

ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಅವನದೇ ಹಳೆಯ ಮಾತೊಂದು ನೆನಪಾಯಿತು.

"ಒಂಥರಾ ಮುಚ್ಕೊಂಡ್‌ಬಿಟ್ಟಿದೆ" ಅಂದೆ.

ಅದು ಸುಳ್ಳು ಅಂತ ಅವನಿಗೆ ಗೊತ್ತಿತ್ತು. ನನ್ನ ತಣ್ಣನೆಯ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟು ಉಜ್ಜಿದ.

"ಹೂಂ ಕಣೇ" ಅಂದ. ಮದುವೆಯಾದಾಗಿನಿಂದ ನನ್ನ ಮಾತಿಗೆ ಅವನು ಹೂಂ ಅಂದದ್ದು ಇದೇ ಮೊದಲು. "ಮುಚ್ಕೊಂಡ್‌ಬಿಟ್ಟಿದೆ."